ವಾರ್ಡಿನಿಂದ ಶಸ್ತ್ರಚಿಕಿತ್ಸೆಯ ಕೊಠಡಿಗೆ: ಆ ಹಾದಿಯ ಹೊಣೆ ಯಾರದು?



ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆಯಾಗಬೇಕೆಂದು ತಿಳಿದೊಡನೆ ನಮ್ಮೆಲ್ಲರ ಮನಸ್ಸು ಶಸ್ತ್ರವೈದ್ಯರ ಕಡೆಗೆ ಹೋಗುತ್ತದೆ. ಅವರ ಕೈಗುಣ ಹೇಗಿದೆ, ಅರಿವಳಿಕೆ ಕೊಡುವವರು ಯಾರು, ವೆಚ್ಚವೆಷ್ಟಾದೀತು ಎಂದು ನಾಲ್ಕು ಜನರಲ್ಲಿ ವಿಚಾರಿಸುತ್ತೇವೆ. ಇವೆಲ್ಲವೂ ವಿಚಾರಿಸಬೇಕಾದ ಸಂಗತಿಗಳೇ. ಆದರೆ ವಾರ್ಡಿನ ಹಾಸಿಗೆಯಿಂದ ಶಸ್ತ್ರಚಿಕಿತ್ಸೆಯ ಕೊಠಡಿಗೆ, ಅಲ್ಲಿಂದ ಮರಳಿ ಹಾಸಿಗೆಗೆ ರೋಗಿಯನ್ನು ಯಾರು ಒಯ್ಯುತ್ತಾರೆ, ಹೇಗೆ ಒಯ್ಯುತ್ತಾರೆ ಎಂದು ಯಾರೂ ಕೇಳುವುದಿಲ್ಲ. ನಾವೂ ಕೇಳಿರಲಿಲ್ಲ. ಕೇಳದೆ ಹೋದದ್ದರ ಫಲವನ್ನು ನಮ್ಮ ಮನೆಯಲ್ಲಿಯೇ ಕಂಡ ಮೇಲೆ ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಹಿರಿಯಣ್ಣನವರು ಬಚ್ಚಲಮನೆಯ ಹೊಸ್ತಿಲಲ್ಲಿ ಜಾರಿ ಬಿದ್ದು ತೊಡೆಮೂಳೆಯ ಕತ್ತನ್ನು ಮುರಿದುಕೊಂಡರು. ಆಗ ಅವರಿಗೆ 74 ವರ್ಷ. ಪಟ್ಟಣದ ಆಸ್ಪತ್ರೆಯೊಂದರಲ್ಲಿ ಬೆನ್ನಿಗೆ ಚುಚ್ಚುಮದ್ದು ಕೊಟ್ಟು ನಡುವಿನಿಂದ ಕೆಳಗೆ ಮರಗಟ್ಟಿಸಿ, ಮುರಿದ ಮೂಳೆಯ ಗುಂಡನ್ನು ತೆಗೆದು ಲೋಹದ ಗುಂಡನ್ನು ಕೂರಿಸಿದರು. ಶಸ್ತ್ರವೈದ್ಯರು ಹೊರಗೆ ಬಂದು, "ಎಲ್ಲವೂ ಚೆನ್ನಾಗಿ ಆಗಿದೆ, ಚಿಂತೆ ಬೇಡ" ಎಂದರು. ಅವರ ಮಾತು ಸುಳ್ಳಾಗಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಒಬ್ಬನೇ ಒಬ್ಬ ವಾರ್ಡ್ ಬಾಯ್ ಅಣ್ಣನವರನ್ನು ಸ್ಟ್ರೆಚರಿನಲ್ಲಿ ತಂದ. ಇಪ್ಪತ್ತರ ಆಸುಪಾಸಿನ ಹುಡುಗ. ಬೆಳಗಿನಿಂದ ದೂಡಿ ದಣಿದಿದ್ದ. ಸ್ಟ್ರೆಚರಿನ ಒಂದು ಬದಿಯ ಕಂಬಿ ಮುರಿದಿತ್ತು. ಹಾಸಿಗೆಯ ಬಳಿ ನಿಲ್ಲಿಸಿ, "ಯಪ್ಪಾ, ಒಂದೀಟು ಕೈ ಹಚ್ರಿ, ನನ್ನೊಬ್ಬನ ಕೈಲೆ ಆಗಂಗಿಲ್ಲ" ಎಂದ. ನಾವು, ನಮ್ಮ ಮಗ, ಪಕ್ಕದ ಹಾಸಿಗೆಯ ರೋಗಿಯ ಕಡೆಯವರೊಬ್ಬರು ಮುಂದೆ ಬಂದೆವು. ಹುಡುಗ ಕಂಕುಳಿಗೆ ಕೈಹಾಕಿದ. ಅವರಿಬ್ಬರು ನಡುವನ್ನು ಹಿಡಿದರು. ನಾವು ಕಾಲುಗಳನ್ನು ಹಿಡಿದೆವು. ಎತ್ತುವ ರಭಸದಲ್ಲಿ ಶಸ್ತ್ರಚಿಕಿತ್ಸೆಯಾದ ಕಾಲು ಮಡಿಚಿ ಒಳಮುಖವಾಗಿ ಹೊರಳಿತು. ಅಣ್ಣನವರು ನೋವೆನ್ನಲಿಲ್ಲ. ಮದ್ದಿನ ಪ್ರಭಾವ ಇನ್ನೂ ಇಳಿದಿರಲಿಲ್ಲ. "ತಮ್ಮಾ, ಈ ಕಾಲು ನಂದಲ್ಲ ಅನಸ್ತದ" ಎಂದು ನಕ್ಕರು.

ಸಂಜೆ ಮದ್ದಿನ ಪ್ರಭಾವ ಇಳಿದಾಗ ಆ ನಗು ಉಳಿಯಲಿಲ್ಲ. ಕಾಲು ಗಿಡ್ಡವಾಗಿ ಒಳಕ್ಕೆ ತಿರುಗಿ ನಿಂತಿತ್ತು. ಎಕ್ಸ್-ರೇ ತೆಗೆದು ನೋಡಿದರೆ, ಕೂರಿಸಿದ ಗುಂಡು ಕೀಲಿನ ಕುಳಿಯಿಂದ ಜಾರಿ ಹೊರಬಂದಿತ್ತು. ಆ ರಾತ್ರಿಯೇ ಮತ್ತೊಮ್ಮೆ ಅರಿವಳಿಕೆ ಕೊಟ್ಟು ಅದನ್ನು ಸ್ವಸ್ಥಾನಕ್ಕೆ ತರಬೇಕಾಯಿತು. ಮರುದಿನ ನಾವು ಕಡತವನ್ನು ತೆಗೆದು ಓದಿದೆವು. ಕಾಲುಗಳ ನಡುವೆ ದಿಂಬು ಇರಬೇಕು, ಕಾಲನ್ನು ಮಡಿಸಬಾರದು, ಒಳಕ್ಕೆ ತಿರುಗಿಸಬಾರದು ಎಂದು ಶಸ್ತ್ರವೈದ್ಯರು ಸ್ಪಷ್ಟವಾಗಿಯೇ ಬರೆದಿದ್ದರು. ನಾವು ಅಣ್ಣನವರನ್ನು ಎತ್ತುವಾಗ ಆ ಕಡತ ಸ್ಟ್ರೆಚರಿನ ದಿಂಬಿನ ಕೆಳಗಿತ್ತು. ಬರೆದದ್ದನ್ನು ಯಾರೂ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಮನೆಯವರು ಆ ಹುಡುಗನನ್ನು ಬೈದರು. ನಮಗೆ ಬೈಯಲಾಗಲಿಲ್ಲ. ಕಾಲನ್ನು ಹಿಡಿದ ಕೈಗಳು ನಮ್ಮವು. ಸುಮಾರು ನಾಲ್ಕು ದಶಕಗಳಿಂದ ರೋಗಿಗಳ ನಾಡಿ ಹಿಡಿದ ವೈದ್ಯನ ಕೈಗಳು. ನಮಗೆ ತಿಳಿಯದ ಕೆಲಸವನ್ನು ಪ್ರೀತಿಯಿಂದ ಮಾಡಿದೆವು, ಅಷ್ಟೆ. ಪ್ರೀತಿ ಇದ್ದ ಮಾತ್ರಕ್ಕೆ ಕೀಲು ತನ್ನ ಜಾಗದಲ್ಲಿ ನಿಲ್ಲುವುದಿಲ್ಲ.

ಮೂರು ಕರ್ಮಗಳು, ಎರಡು ಹಾದಿಗಳು

ನಾವು ಆಯುರ್ವೇದದ ವೈದ್ಯರು. ಶಸ್ತ್ರಚಿಕಿತ್ಸೆ ನಮ್ಮ ನಿತ್ಯದ ವೃತ್ತಿಯಲ್ಲ. ಆದರೆ ಶಸ್ತ್ರಚಿಕಿತ್ಸೆಗೆ ಹೋಗುವ ಹಿರಿಯರು ಹೋಗುವ ಮುನ್ನ ನಮ್ಮ ಬಳಿ ಬರುತ್ತಾರೆ, ಮುಗಿದ ಮೇಲೆಯೂ ಬರುತ್ತಾರೆ. ಹಾಗಾಗಿ ನಡುವೆ ನಡೆದದ್ದನ್ನು ಕೇಳಿಸಿಕೊಳ್ಳುವ ಅವಕಾಶ ನಮಗೆ ಹೆಚ್ಚು.

ನಮ್ಮ ಶಲ್ಯತಂತ್ರದ ಮೂಲಗ್ರಂಥವಾದ ಸುಶ್ರುತ ಸಂಹಿತೆಯು ಶಸ್ತ್ರಚಿಕಿತ್ಸೆಯನ್ನು ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮ ಎಂದು ಮೂರಾಗಿ ವಿಂಗಡಿಸಿದೆ. ಮೊದಲಿನದು ಸಿದ್ಧತೆ, ಎರಡನೆಯದು ಶಸ್ತ್ರಕ್ರಿಯೆ, ಮೂರನೆಯದು ಅನಂತರದ ಆರೈಕೆ. ಗಾಯಗೊಂಡ ರೋಗಿಯು ಏಳುವಾಗ, ಮಲಗುವಾಗ, ಹೊರಳುವಾಗ ಗಾಯವನ್ನು ಎಚ್ಚರದಿಂದ ಕಾಪಾಡಿಕೊಳ್ಳಬೇಕೆಂದೂ ಆ ಗ್ರಂಥ ಹೇಳುತ್ತದೆ. ರೋಗಿಯ ಚಲನೆಯೂ ಚಿಕಿತ್ಸೆಯ ಭಾಗವೆಂಬ ತಿಳಿವು ಅಷ್ಟು ಹಿಂದೆಯೇ ಇತ್ತು.

ಇಂದಿನ ಆಸ್ಪತ್ರೆಯಲ್ಲಿ ಈ ಮೂರು ಕರ್ಮಗಳು ಮೂರು ಕೊಠಡಿಗಳಲ್ಲಿ ನಡೆಯುತ್ತವೆ. ಪ್ರತಿ ಕೊಠಡಿಗೂ ಹೊಣೆಗಾರರಿದ್ದಾರೆ. ಆದರೆ ಕೊಠಡಿಗಳ ನಡುವೆ ಎರಡು ಹಾದಿಗಳಿವೆ: ಹೋಗುವುದೊಂದು, ಬರುವುದೊಂದು. ಆ ಹಾದಿಗಳಲ್ಲಿ ರೋಗಿಯು ಯಾರ ರೋಗಿ? ವಾರ್ಡಿನ ಸಿಸ್ಟರ್ ಕಳುಹಿಸಿಯಾಗಿದೆ, ಶಸ್ತ್ರಚಿಕಿತ್ಸೆಯ ಕೊಠಡಿಯವರು ಇನ್ನೂ ಸ್ವೀಕರಿಸಿಲ್ಲ. ನಡುವಿನ ಹತ್ತು ನಿಮಿಷ ಆತ ಯಾರವನೂ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಚಿಕಿತ್ಸೆಯ ಸುರಕ್ಷತೆಗಾಗಿ 19 ಅಂಶಗಳ ಒಂದು ತಪಾಸಣಾ ಪಟ್ಟಿಯನ್ನು ಹೊರತಂದಿತು. ಅರಿವಳಿಕೆಗೆ ಮುನ್ನ, ಚರ್ಮವನ್ನು ಕೊಯ್ಯುವ ಮುನ್ನ, ರೋಗಿ ಕೊಠಡಿ ಬಿಡುವ ಮುನ್ನ, ಹೀಗೆ ಮೂರು ಬಾರಿ ನಿಂತು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳುವ ಕ್ರಮವದು. ನವದೆಹಲಿಯೂ ಸೇರಿದಂತೆ ಜಗತ್ತಿನ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಬಳಸಿ ನೋಡಿದಾಗ, ಶಸ್ತ್ರಚಿಕಿತ್ಸೆಯ ನಂತರದ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ತಿಳಿದದ್ದನ್ನೇ ಬಾಯಿಬಿಟ್ಟು ಹೇಳಿಕೊಂಡದ್ದರ ಫಲವದು.

ಆ ಪಟ್ಟಿಯ ಕೊನೆಯ ಅಂಶವನ್ನು ಗಮನಿಸಬೇಕು. ಈ ರೋಗಿಯ ಚೇತರಿಕೆಯಲ್ಲಿ ಯಾವ ವಿಷಯಕ್ಕೆ ವಿಶೇಷ ಎಚ್ಚರ ಬೇಕೆಂದು ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ಸಿಸ್ಟರ್ ಮೂವರೂ ಮಾತನಾಡಿಕೊಳ್ಳಬೇಕೆಂಬುದು ಅದು. ಅಲ್ಲಿಗೆ ಪಟ್ಟಿ ಮುಗಿಯುತ್ತದೆ, ಬಾಗಿಲಿನಾಚೆ ಹಾದಿ ಆರಂಭವಾಗುತ್ತದೆ. ಒಳಗೆ ಆಡಿದ ಆ ಎಚ್ಚರಿಕೆಯ ಮಾತನ್ನು ವಾರ್ಡಿನವರೆಗೆ ಹೊತ್ತು ತರುವವರು ಯಾರು? ನಮ್ಮ ಅಣ್ಣನವರ ವಿಷಯದಲ್ಲಿ ಅದನ್ನು ಹೊತ್ತು ತಂದದ್ದು ದಿಂಬಿನ ಕೆಳಗಿನ ಕಾಗದ ಮಾತ್ರ.

ಹಾದಿಯಲ್ಲಿ ಆಗಬಹುದಾದದ್ದು

ಹೋಗುವ ಹಾದಿಯ ಮೊದಲ ಅಪಾಯ ಗುರುತಿನದು. ನಮ್ಮ ಕಡೆ ಒಂದೇ ವಾರ್ಡಿನಲ್ಲಿ ಮೂವರು ಬಸವರಾಜರು, ಇಬ್ಬರು ಶಿವಪ್ಪನವರು ಮಲಗಿರುವುದು ಅಪರೂಪವಲ್ಲ. ಕಿವಿ ಮಂದವಾದ ಹಿರಿಯರು "ನೀವು ಬಸವರಾಜರೇ?" ಎಂದು ಕೇಳಿದರೆ ಸುಮ್ಮನೆ ತಲೆಯಾಡಿಸಿಬಿಡುತ್ತಾರೆ. ಆದುದರಿಂದ "ನಿಮ್ಮ ಹೆಸರೇನು? ಯಾವ ಆಪರೇಷನ್? ಯಾವ ಬದಿಗೆ?" ಎಂದು ಕೇಳಿ ರೋಗಿಯ ಬಾಯಿಂದಲೇ ಉತ್ತರ ಪಡೆಯಬೇಕು. ಅದನ್ನು ಕೈಪಟ್ಟಿಯ ಹೆಸರು ಮತ್ತು ಆಸ್ಪತ್ರೆಯ ಸಂಖ್ಯೆಯೊಡನೆ ತಾಳೆ ನೋಡಬೇಕು. ಹಾಸಿಗೆಯ ಸಂಖ್ಯೆ ಗುರುತಲ್ಲ, ಹಾಸಿಗೆಗಳು ಬದಲಾಗುತ್ತವೆ.

ಎರಡನೆಯದು ಕಾಯಿಸುವಿಕೆ. ಹಿಂದಿನ ಶಸ್ತ್ರಚಿಕಿತ್ಸೆ ಮುಗಿಯುವ ಮೊದಲೇ ಮುಂದಿನವರನ್ನು ಕರೆತಂದು ಹೊರಗಿನ ಓಣಿಯಲ್ಲಿ ಗಂಟೆಗಟ್ಟಲೆ ಮಲಗಿಸುವುದುಂಟು. ಹಸಿದ ಹೊಟ್ಟೆ, ತೆಳುವಾದ ಬಟ್ಟೆ, ತಣ್ಣನೆಯ ಗಾಳಿ, ಬಳಿಯಲ್ಲಿ ಮಾತನಾಡಿಸುವವರಿಲ್ಲ. ವಯಸ್ಸಾದವರ ದೇಹ ಬೇಗ ತಣ್ಣಗಾಗುತ್ತದೆ. ಹಾಗಾದವರಲ್ಲಿ ರಕ್ತಸ್ರಾವವೂ ಗಾಯದ ಸೋಂಕೂ ಹೆಚ್ಚು. ಒಂದು ಕಂಬಳಿ, ಸ್ವಲ್ಪ ತಡವಾಗಿ ಕರೆಯುವ ಶಿಸ್ತು, ಇಷ್ಟೇ ಅದಕ್ಕೆ ಪರಿಹಾರ.

ಮರಳುವ ಹಾದಿ ಇನ್ನೂ ಸೂಕ್ಷ್ಮವಾದದ್ದು. ಪೂರ್ಣ ಅರಿವಳಿಕೆಯಿಂದ ಆಗತಾನೆ ಎಚ್ಚರಗೊಂಡವರ ಉಸಿರು ಆಳವಾಗಿರುವುದಿಲ್ಲ. ನಾಲಿಗೆ ಹಿಂದಕ್ಕೆ ಸರಿದು ಉಸಿರಿನ ದಾರಿಯನ್ನು ಮುಚ್ಚಬಹುದು. ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿಯಬಹುದು. ರಕ್ತದ ಆಮ್ಲಜನಕ ಕೆಲವೇ ನಿಮಿಷಗಳಲ್ಲಿ ಕುಸಿಯುತ್ತದೆ, ಆದರೆ ನೋಡುವವರಿಗೆ ರೋಗಿ ಶಾಂತವಾಗಿ ನಿದ್ರಿಸುತ್ತಿರುವಂತೆಯೇ ಕಾಣುತ್ತದೆ. ಕೋವಿಡ್ ದಿನಗಳಲ್ಲಿ ನಾವೆಲ್ಲರೂ ಬೆರಳಿಗೆ ಹಾಕಿಕೊಂಡು ನೋಡಿದ ಆಕ್ಸಿಮೀಟರ್ ಇಂತಹ ರೋಗಿಯ ಬೆರಳಿನಲ್ಲಿ ಹಾದಿಯುದ್ದಕ್ಕೂ ಇರಬೇಕು. ಆಮ್ಲಜನಕದ ಸಿಲಿಂಡರಿನಲ್ಲಿ ಎಷ್ಟು ಉಳಿದಿದೆಯೆಂದು ಹೊರಡುವ ಮೊದಲೇ ನೋಡಬೇಕು, ಲಿಫ್ಟಿನ ಒಳಗೆ ಸಿಲುಕಿದ ಮೇಲಲ್ಲ. ಸ್ಟ್ರೆಚರ್ ಕಾಲಿನ ಕಡೆಯಿಂದ ಮುಂದೆ ಸಾಗಬೇಕು. ಒಬ್ಬರು ತಲೆಯ ಬಳಿ ಇದ್ದು ರೋಗಿಯ ಮುಖವನ್ನು ನೋಡುತ್ತಿರಬೇಕು. ಇಳಿಜಾರು ಹತ್ತುವಾಗ ಮಾತ್ರ ತಲೆಯ ಭಾಗ ಮುಂದಿರಬೇಕು.

ನಳಿಕೆಗಳ ಕಥೆ ಬೇರೆ. ಸಲೈನಿನ ನಳಿಕೆ, ಮೂತ್ರದ ನಳಿಕೆ, ಗಾಯದ ಸ್ರಾವ ಹೊರಬರುವ ನಳಿಕೆ, ಇವು ಚಕ್ರಕ್ಕೋ ಬಾಗಿಲಿಗೋ ಸಿಕ್ಕಿಕೊಂಡರೆ ಒಂದೇ ಎಳೆತಕ್ಕೆ ಒಳಗೆ ಗಾಯವಾಗುತ್ತದೆ. ಮೂತ್ರದ ಚೀಲವನ್ನು ರೋಗಿಯ ಹೊಟ್ಟೆಯ ಮೇಲಿಟ್ಟು ದೂಡುವುದನ್ನು ನಾವು ಎಷ್ಟೋ ಬಾರಿ ಕಂಡಿದ್ದೇವೆ. ಅದು ಮೂತ್ರಕೋಶಕ್ಕಿಂತ ಕೆಳಗಿರಬೇಕು, ಇಲ್ಲವಾದರೆ ಚೀಲದ ಮೂತ್ರ ಹಿಂದಕ್ಕೆ ಹರಿದು ಸೋಂಕಿಗೆ ದಾರಿಯಾಗುತ್ತದೆ. ಎದೆಗೆ ನಳಿಕೆ ಹಾಕಿದ್ದರೆ ಅದರ ಬಾಟಲಿ ಎಂದಿಗೂ ಎದೆಯ ಮಟ್ಟಕ್ಕೆ ಏರಬಾರದು.

ಕೊನೆಯದು, ಸ್ಟ್ರೆಚರಿನಿಂದ ಹಾಸಿಗೆಗೆ ಬದಲಿಸುವ ಆ ಒಂದು ನಿಮಿಷ. ನಾವು ತಪ್ಪಿದ್ದು ಅಲ್ಲಿಯೇ. ಕೈಕಾಲು ಹಿಡಿದು ಎತ್ತುವುದು ಸರಿಯಾದ ಕ್ರಮವಲ್ಲ. ಸ್ಟ್ರೆಚರನ್ನು ಹಾಸಿಗೆಗೆ ತಾಗಿಸಿ, ಎರಡರ ಚಕ್ರಗಳಿಗೂ ತಡೆ ಹಾಕಿ, ಎತ್ತರ ಸಮ ಮಾಡಿ, ರೋಗಿಯ ಕೆಳಗಿನ ಗಟ್ಟಿ ಹಾಸುಬಟ್ಟೆಯನ್ನು ಹಿಡಿದು ಸರಿಸಬೇಕು. ಕನಿಷ್ಠ ನಾಲ್ವರು ಬೇಕು: ತಲೆಗೆ ಒಬ್ಬರು, ಎರಡೂ ಬದಿಗೆ ಒಬ್ಬೊಬ್ಬರು, ಕಾಲಿಗೆ ಒಬ್ಬರು. ತಲೆಯ ಬಳಿ ಇರುವವರು "ಒಂದು, ಎರಡು, ಮೂರು" ಎಂದ ಮೇಲೆ ಎಲ್ಲರೂ ಒಟ್ಟಿಗೆ ಸರಿಸಬೇಕು. ಬೆನ್ನಿಗೆ ಮದ್ದು ಕೊಟ್ಟವರಿಗೆ ಕಾಲಿನ ನೋವೇ ತಿಳಿಯುವುದಿಲ್ಲವಾದ್ದರಿಂದ ಇನ್ನಷ್ಟು ಎಚ್ಚರ ಬೇಕು. ಅವರು ನೋವೆಂದು ಕೂಗುವುದಿಲ್ಲ; ನೋವಾಗಬಾರದೆಂದು ನಾವೇ ನೋಡಿಕೊಳ್ಳಬೇಕು.

ಚಿಕಿತ್ಸೆಯ ನಾಲ್ಕನೆಯ ಕಾಲು

ಚರಕ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಲಾಗಿದೆ: ವೈದ್ಯ, ಔಷಧಿ, ಪರಿಚಾರಕ, ರೋಗಿ. ಪರಿಚಾರಕನಿಗೆ ಉಪಚಾರದ ಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳಿರಬೇಕೆಂದಿದೆ. ವೈದ್ಯನಿಗೆ ನಾಲ್ಕು ಗುಣ, ಪರಿಚಾರಕನಿಗೂ ನಾಲ್ಕೇ ಗುಣ. ಒಂದು ಕಾಲು ಕುಂಟಾದರೆ ಮಂಚವೇ ಓಲಾಡುತ್ತದೆ.

ಅಂದು ನಮ್ಮಲ್ಲಿ ಅನುರಾಗವಿತ್ತು, ಜ್ಞಾನವಿರಲಿಲ್ಲ. ಆ ಹುಡುಗನಿಗೆ ಜ್ಞಾನವನ್ನು ಯಾರೂ ಕೊಟ್ಟಿರಲಿಲ್ಲ. ದಕ್ಷತೆಗೆ ಬೇಕಾದ ಜೊತೆಗಾರರನ್ನೂ ಕೊಟ್ಟಿರಲಿಲ್ಲ. ನಮ್ಮ ಬಹುಪಾಲು ಆಸ್ಪತ್ರೆಗಳಲ್ಲಿ ಸ್ಟ್ರೆಚರ್ ದೂಡುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸವೆಂಬ ಭಾವನೆಯಿದೆ. ಗುತ್ತಿಗೆಯವರು, ಕಡಿಮೆ ಸಂಬಳದವರು, ಬೆಳಿಗ್ಗೆ ನೆಲ ಒರೆಸಿದವರು ಮಧ್ಯಾಹ್ನ ಅದೇ ಕೈಯಲ್ಲಿ ರೋಗಿಯನ್ನು ದೂಡುತ್ತಾರೆ. ನಾವು ಅವರ ಕೈಗೆ ಚಹಾಕ್ಕೆಂದು ಐವತ್ತು ರೂಪಾಯಿ ಇಟ್ಟು ನಮ್ಮ ಕರ್ತವ್ಯ ಮುಗಿಯಿತೆಂದುಕೊಳ್ಳುತ್ತೇವೆ. ಅವರಿಗೆ ಬೇಕಾದದ್ದು ಚಹಾದ ಕಾಸಲ್ಲ. ತರಬೇತಿ, ಜೊತೆಗಾರ, ಸಂಬಳ, ಮರ್ಯಾದೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಶರಣರ ನಾಡಿನಲ್ಲಿ ಈ ಕಾಯಕವನ್ನು ಕೀಳಾಗಿ ಕಂಡದ್ದರ ಬೆಲೆಯನ್ನು ನಮ್ಮ ರೋಗಿಗಳೇ ತೆರುತ್ತಿದ್ದಾರೆ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಶಸ್ತ್ರಚಿಕಿತ್ಸೆಗೆ ಹೋಗುವ, ಬರುವ ಹಾದಿಯನ್ನು ಆಸ್ಪತ್ರೆಯು ಚಿಕಿತ್ಸೆಯ ಭಾಗವೆಂದೇ ಎಣಿಸಬೇಕು. ರೋಗಿಯನ್ನು ಒಯ್ಯುವವರಿಗೆ ತರಬೇತಿ ಕಡ್ಡಾಯವಾಗಬೇಕು. ಯಾವ ರೋಗಿಯನ್ನೂ ಒಬ್ಬರೇ ಒಯ್ಯಬಾರದು. ಮರಳುವಾಗ ಒಬ್ಬ ಸಿಸ್ಟರ್ ಜೊತೆಯಲ್ಲಿರಲೇಬೇಕು. ರೋಗಿಯನ್ನು ಒಪ್ಪಿಸುವಾಗ ಏನು ಮಾಡಲಾಯಿತು, ಯಾವ ನಳಿಕೆಗಳಿವೆ, ಏನು ಮಾಡಬಾರದು ಎಂಬುದನ್ನು ಕಾಗದದಲ್ಲಿ ಬರೆದದ್ದಲ್ಲದೆ ಬಾಯಿಬಿಟ್ಟು ಹೇಳಬೇಕು, ಕೇಳಿದವರು ಮರಳಿ ಹೇಳಬೇಕು. ಮನೆಯವರಿಂದ ರೋಗಿಯನ್ನು ಎತ್ತಿಸಬಾರದು.

ಸಣ್ಣ ಊರಿನ ಆಸ್ಪತ್ರೆಗಳಿಗೆ ಇಷ್ಟು ಜನರನ್ನು ಇಟ್ಟುಕೊಳ್ಳುವ ಶಕ್ತಿ ಎಲ್ಲಿದೆ ಎಂದು ವೈದ್ಯಮಿತ್ರರು ಕೇಳುತ್ತಾರೆ. ಅವರ ಕಷ್ಟ ನಮಗೆ ತಿಳಿಯದ್ದಲ್ಲ. ರಾತ್ರಿ ಪಾಳಿಯಲ್ಲಿ ಇಡೀ ಮಹಡಿಗೆ ಒಬ್ಬರೇ ಸಿಸ್ಟರ್ ಇರುವುದನ್ನು ನಾವೂ ಕಂಡಿದ್ದೇವೆ. ಆದರೆ ಮುರಿದ ಕಂಬಿಗೆ ಬೆಸುಗೆ ಹಾಕಿಸಲು, ಒಂದು ಗಟ್ಟಿ ಹಾಸುಬಟ್ಟೆ ಹೊಲಿಸಲು ದೊಡ್ಡ ಹಣ ಬೇಕಿಲ್ಲ. ಬಾಯಿಬಿಟ್ಟು ಹೇಳುವುದಕ್ಕಂತೂ ಏನೂ ಬೇಕಿಲ್ಲ. ತುರ್ತು ಸ್ಥಿತಿ ಅಲ್ಲದಿದ್ದಾಗ, ನಾಲ್ಕು ಕೈಗಳು ಕೂಡುವವರೆಗೆ ಹತ್ತು ನಿಮಿಷ ಕಾಯುವುದಕ್ಕೂ ಖರ್ಚಿಲ್ಲ. ನಮ್ಮ ಅಣ್ಣನವರಿಗೆ ಮಾಡಬೇಕಾಗಿ ಬಂದ ಎರಡನೆಯ ಅರಿವಳಿಕೆಯ ಖರ್ಚು ಇವೆಲ್ಲಕ್ಕಿಂತ ಹೆಚ್ಚಿತ್ತು.

ನಾಡಿನ ಹಲವು ಮಠಗಳು ವಿದ್ಯಾಸಂಸ್ಥೆಗಳ ಜೊತೆಗೆ ಆಸ್ಪತ್ರೆಗಳನ್ನೂ ನಡೆಸುತ್ತಿವೆ. ಅಂತಹ ಆಸ್ಪತ್ರೆಗಳು ಈ ವಿಷಯದಲ್ಲಿ ಮೊದಲ ಹೆಜ್ಜೆ ಇಟ್ಟರೆ ಉಳಿದವರಿಗೆ ದಾರಿಯಾದೀತು. ಭಕ್ತರು ಮಂಚ, ಫ್ಯಾನು, ನೀರಿನ ಯಂತ್ರಗಳನ್ನು ದಾಸೋಹವಾಗಿ ಕೊಡುವುದುಂಟು. ಎರಡೂ ಬದಿಯ ಕಂಬಿ ಗಟ್ಟಿಯಾಗಿರುವ, ಚಕ್ರದ ತಡೆ ಸರಿಯಾಗಿರುವ ಒಂದು ಸ್ಟ್ರೆಚರೂ ಅಷ್ಟೇ ಶ್ರೇಷ್ಠವಾದ ದಾಸೋಹವೆಂದು ನಾವು ಭಾವಿಸುತ್ತೇವೆ.

ಮನೆಯವರ ಪಾಲು

ಆಸ್ಪತ್ರೆಯವರಿಗೆ ಹೇಳಿದಂತೆ ನಮಗೂ ಕೆಲವು ಮಾತುಗಳನ್ನು ಹೇಳಿಕೊಳ್ಳಬೇಕು.

ಉಪವಾಸದ ವಿಷಯದಲ್ಲಿ ವೈದ್ಯರು ಹೇಳಿದ ಗಳಿಗೆಯನ್ನು ಮೀರಬಾರದು. ಹೊರಡುವ ಮುನ್ನ ಪ್ರೀತಿಯಿಂದ ಪ್ರಸಾದವನ್ನೋ ಹಾಲನ್ನೋ ಬಾಯಿಗೆ ಹಾಕುವವರಿದ್ದಾರೆ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ತೆಗೆದಿರಿಸಿ, ವೈದ್ಯರು ಒಪ್ಪಿದ ಮೇಲೆ ಸ್ವೀಕರಿಸಲಿ. ತಿಳಿಯದೆ ಏನಾದರೂ ಸೇವಿಸಿದ್ದರೆ ಮುಚ್ಚಿಡದೆ ಹೇಳಿಬಿಡಬೇಕು. ಶಸ್ತ್ರಚಿಕಿತ್ಸೆ ಮುಂದೆ ಹೋದರೂ ಚಿಂತೆಯಿಲ್ಲ.

ಇಷ್ಟಲಿಂಗವನ್ನು ಅಂಗದಿಂದ ಅಗಲಿಸಲು ಮನಸ್ಸೊಪ್ಪದ ಹಿರಿಯರು ಸ್ಟ್ರೆಚರ್ ಏರಿದ ಮೇಲೆ ಸಿಬ್ಬಂದಿಯೊಡನೆ ವಾದಕ್ಕಿಳಿದು, ರಕ್ತದೊತ್ತಡ ಏರಿಸಿಕೊಂಡದ್ದನ್ನು ನಾವು ನೋಡಿದ್ದೇವೆ. ಈ ಮಾತನ್ನು ಹಿಂದಿನ ದಿನವೇ ಶಸ್ತ್ರವೈದ್ಯರೊಡನೆ ಆಡಿ ಮುಗಿಸಬೇಕು. ರಕ್ತ ನಿಲ್ಲಿಸಲು ವಿದ್ಯುತ್ ಉಪಕರಣ ಬಳಸುವಾಗ ಮೈಗೆ ತಾಗಿದ ಲೋಹದಿಂದ ಸುಟ್ಟಗಾಯವಾಗುವ ಸಂಭವವಿರುವುದರಿಂದ ಬೆಳ್ಳಿಯ ಕರಡಿಗೆ, ಸರ, ಬಳೆ, ಕಾಲುಂಗುರಗಳು ಮನೆಯವರ ಬಳಿ ಇರಲಿ. ಶುದ್ಧ ಬಟ್ಟೆಯಲ್ಲಿ ಲಿಂಗವನ್ನು ಕಟ್ಟಿಕೊಳ್ಳಲು ವೈದ್ಯರು ಒಪ್ಪಿದರೆ ಅವರು ತೋರಿಸಿದ ಜಾಗದಲ್ಲಿ ಕಟ್ಟಿಕೊಳ್ಳಬಹುದು. ಒಪ್ಪದಿದ್ದರೆ ಮನೆಯ ಒಬ್ಬರು ಅದನ್ನು ಶುಚಿಯಾಗಿ ಕಾಯ್ದಿಟ್ಟು, ಮರಳಿದೊಡನೆ ಧರಿಸಲು ನೆರವಾಗಲಿ. ಮನಸ್ಸಿಗೆ ಅಳುಕಿದ್ದವರು ಮುಂಚಿತವಾಗಿಯೇ ಪೂಜ್ಯರಲ್ಲಿ ಅರಿಕೆ ಮಾಡಿಕೊಂಡು ಹಗುರವಾಗಬಹುದು.

ಕಟ್ಟುಹಲ್ಲು, ಕನ್ನಡಕಗಳನ್ನು ಒಬ್ಬರೇ ಹೊಣೆಹೊತ್ತು ಇಟ್ಟುಕೊಳ್ಳಲಿ. ಕಿವಿಯ ಯಂತ್ರವನ್ನು ಮಾತ್ರ ಕೊನೆಯವರೆಗೆ ಇರಗೊಡಲು ಕೇಳಿಕೊಳ್ಳಿ. ಕೇಳಿಸದವರು ಹೆಸರನ್ನು ಹೇಗೆ ಹೇಳಿಯಾರು?

ರೋಗಿ ಮರಳಿದಾಗ ಹತ್ತು ಜನ ಸ್ಟ್ರೆಚರನ್ನು ಮುತ್ತಬೇಡಿ. ಕರೆದು ಎಬ್ಬಿಸಿ ಕೂರಿಸಬೇಡಿ. ಬೆನ್ನಿಗೆ ಮದ್ದು ಕೊಟ್ಟವರು ತಟ್ಟನೆ ಎದ್ದರೆ ರಕ್ತದೊತ್ತಡ ಕುಸಿಯುತ್ತದೆ. "ಕೈ ಹಚ್ಚಿ" ಎಂದು ಯಾರಾದರೂ ಕರೆದರೆ, ಕೈಹಾಕುವ ಮೊದಲು ವಿನಯದಿಂದ ಮೂರು ಪ್ರಶ್ನೆ ಕೇಳಿ: ಸಿಸ್ಟರ್ ಎಲ್ಲಿದ್ದಾರೆ? ಇವರಿಗೆ ಏನು ಮಾಡಬಾರದೆಂದು ವೈದ್ಯರು ಹೇಳಿದ್ದಾರೆ? ಚಕ್ರಗಳಿಗೆ ತಡೆ ಹಾಕಿದೆಯೇ? ಉತ್ತರ ಸಿಗುವವರೆಗೆ ಕಾಯಿರಿ. ಇದು ಜಗಳವಲ್ಲ; ಹಕ್ಕೂ ಹೌದು, ಸೇವೆಯೂ ಹೌದು. ಅಷ್ಟರವರೆಗೆ ರೋಗಿಯ ಕೈಯನ್ನು ನಿಮ್ಮ ಕೈಯಲ್ಲಿ ಹಿಡಿದುಕೊಂಡಿರಿ. ಆ ಕೆಲಸವನ್ನು ಮಾತ್ರ ಮನೆಯವರಷ್ಟು ಚೆನ್ನಾಗಿ ಬೇರಾರೂ ಮಾಡಲಾರರು.

ನಮ್ಮ ಅಣ್ಣನವರು ಆ ಬಳಿಕ ನಾಲ್ಕು ವರ್ಷ ಬದುಕಿದ್ದರು. ಕೋಲೂರಿ ಮನೆಯೊಳಗೆ ನಡೆದಾಡುತ್ತಿದ್ದರು, ಹೊಲಕ್ಕೆ ಮಾತ್ರ ಮತ್ತೆ ಹೋಗಲಾಗಲಿಲ್ಲ. ಆ ದಿನದ ಬಗ್ಗೆ ಒಮ್ಮೆಯೂ ನಮ್ಮನ್ನು ದೂರಲಿಲ್ಲ. ಅವರು ದೂರದಿದ್ದುದಕ್ಕೆ ನಾವು ಇದನ್ನು ಬರೆಯಬೇಕಾಯಿತು. ಬೇರೆ ಯಾವ ತಮ್ಮನೂ ತಿಳಿಯದೆ ತನ್ನ ಅಣ್ಣನ ಕಾಲನ್ನು ಹಾಗೆ ಹಿಡಿಯದಿರಲಿ.